ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ

ಜನವರಿ ೪

ಟೈಲರ್ ಮಾಸ್ಟರರೇ,

ನೀವು ವಾರ್ಡು ಬಿಟ್ಟು ಹೋಗಿ ಇಂದಿಗೆ ಹದಿನೈದು ದಿನ. ನಿಮ್ಮ ಹನ್ನೊಂದನೇ ಹಾಸಿಗೆಗೆ ಈಗ ಒಬ್ಬ ಲಾರಿ ಡ್ರೈವರ್ ಬಂದಿದ್ದಾನೆ. ಅವನಿಗೂ ನಿಮ್ಮದೇ ಆಪರೇಷನ್. ನೀವು ಹೊದಿಕೆಯನ್ನು ಸುಕ್ಕಿಲ್ಲದಂತೆ ಮಡಿಸಿಡುತ್ತಿದ್ದಿರಿ, ಇವನು ಅದರಲ್ಲೇ ಕೈ ಒರೆಸಿಕೊಳ್ಳುತ್ತಾನೆ. ನಿಮ್ಮನ್ನು ನೆನೆಸಿಕೊಳ್ಳುವುದಕ್ಕೆ ಅಷ್ಟು ಸಾಕಾಗಿದೆ.

ವಿಷಯಕ್ಕೆ ಬರುತ್ತೇನೆ. ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿ ನಾನು ಕಲಿತದ್ದು ಇಷ್ಟು: "ಗೊತ್ತಾಯ್ತಾ?" ಎಂದು ಕೇಳಿದರೆ ರೋಗಿಗಳೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುತ್ತಾರೆ. ಮನೆಗೆ ಹೋಗಿ ತಮಗೆ ತಿಳಿದ ಹಾಗೆ ಮಾಡುತ್ತಾರೆ. ಅದಕ್ಕೇ ಆ ಪ್ರಶ್ನೆಯನ್ನೇ ಬಿಟ್ಟುಬಿಟ್ಟಿದ್ದೇನೆ. ನಾನು ಕಲಿಸಿದ್ದನ್ನು ಅವರು ತಮ್ಮ ಸ್ವಂತ ಮಾತಿನಲ್ಲಿ ನನಗೆ ತಿರುಗಿ ಹೇಳಬೇಕು. ನಿಮಗೆ ಮಾತಿಲ್ಲ, ಆದ್ದರಿಂದ ಬರೆಯಬೇಕು. ಫೋನಿನಲ್ಲಿ ನೀವು ತಲೆಯಾಡಿಸಿದರೆ ನನಗೆ ಕೇಳಿಸುವುದಿಲ್ಲವಲ್ಲ.

ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದ ಮೇಲೆ ನಿಮ್ಮ ಬಾಯಿ ಊಟಕ್ಕೆ ಮಾತ್ರ. ಉಸಿರಾಟವೆಲ್ಲ ಕತ್ತಿನ ತೂತಿನಲ್ಲಿ. ಈಗ ಹೇಳಿ: ಸ್ನಾನ ಹೇಗೆ ಮಾಡುತ್ತೀರಿ? ತೂತಿನಲ್ಲಿರುವ ಕೊಳವೆಯನ್ನು ಹೇಗೆ ನೋಡಿಕೊಳ್ಳುತ್ತೀರಿ? ಎಲ್ಲಾದರೂ ಎಚ್ಚರ ತಪ್ಪಿ ಬಿದ್ದರೆ ಪಕ್ಕದಲ್ಲಿರುವವರು ಏನು ಮಾಡಬೇಕು? ನಾನು ಕೊಟ್ಟ ಹಾಳೆಯನ್ನು ನೋಡಿ ಬರೆಯಬೇಡಿ. ಕಾಪಿ ಹೊಡೆದವರನ್ನು ಹಿಡಿಯುವುದರಲ್ಲಿ ನಾನು ಯಾವ ಮೇಷ್ಟರಿಗೂ ಕಡಿಮೆಯಿಲ್ಲ.

ನಿಮ್ಮ ವಾರ್ಡಿನ ಸಿಸ್ಟರ್


ಜನವರಿ ೧೩

ಸಿಸ್ಟರ್ ಅವರಿಗೆ ವಂದನೆಗಳು.

ನಾನು ಪರೀಕ್ಷೆ ಬರೆದು ಮೂವತ್ತೈದು ವರ್ಷವಾಯಿತು. ಆಗಲೂ ನಪಾಸಾಗಿದ್ದೆ. ಆದರೂ ಪ್ರಯತ್ನಿಸುತ್ತೇನೆ.

ಸ್ನಾನ ಮಾಡುವಾಗ ನೀರು ಎದೆಯಿಂದ ಕೆಳಕ್ಕೆ. ತಲೆ ತೊಳೆಯುವಾಗ ಮುಂದಕ್ಕೆ ಬಗ್ಗಿ, ತೂತಿಗೆ ನೀರು ಹೋಗದ ಹಾಗೆ ಅಡ್ಡ ಕಟ್ಟಿಕೊಳ್ಳುತ್ತೇನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಳವೆ ತೆಗೆದು ತೊಳೆಯುತ್ತೇನೆ. ಕಫ ಒಣಗಿ ಕಟ್ಟಿಕೊಳ್ಳದಂತೆ ಸಲೈನ್ ಹನಿ ಹಾಕುತ್ತೇನೆ, ಮೇಲೆ ಒದ್ದೆ ಬಟ್ಟೆಯ ಹೊದಿಕೆ. ನಾನು ಬಿದ್ದರೆ ಪಕ್ಕದಲ್ಲಿರುವವರು ಬಾಯಿ ಮೂಗಿನ ತಂಟೆಗೆ ಹೋಗಬಾರದು. ಕತ್ತಿನ ಹೊದಿಕೆ ತೆಗೆದು, ಕೊಳವೆ ಕಟ್ಟಿಕೊಂಡಿದೆಯೇ ನೋಡಿ, ಆಮ್ಲಜನಕವನ್ನು ಕತ್ತಿಗೇ ಕೊಡಬೇಕು.

ಇಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ಎರಡು ಕೋಣೆ, ಮೆಟ್ಟಿಲ ಕೆಳಗೆ ನನ್ನ ಮಂಚ. ಅಕ್ಕ ಇಬ್ಬರ ಪಾಲಿನ ಮಾತನ್ನೂ ಒಬ್ಬಳೇ ಆಡುತ್ತಾಳೆ. "ನಿನ್ನ ಮೌನವ್ರತ ಮುಗಿಯೋವರೆಗೂ ನನ್ನದೇ ರಾಜ್ಯ" ಎನ್ನುತ್ತಾಳೆ. ಹತ್ತು ನಿಮಿಷದ ದಾರಿಯಲ್ಲಿ ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಿದೆ. ಅಲ್ಲಿ ಕೆಲಸ ಸಿಕ್ಕಿತು.

ಒಂದು ಸಂತೋಷದ ಸುದ್ದಿ ಹೇಳಲೇಬೇಕು. ನನಗಾಗಿ ಏಳು ಅಂಗಿ ಹೊಲಿದುಕೊಂಡಿದ್ದೇನೆ. ಕಾಲರ್ ಎರಡು ಬೆರಳು ಹೆಚ್ಚು ಎತ್ತರ, ಕತ್ತಿನವರೆಗೆ ಗುಂಡಿ, ಎದುರಿಗೆ ಕಾಣದಂತೆ ಒಳಗೆ ಜಾಳು ಬಟ್ಟೆ. ಗಾಳಿ ಸರಾಗವಾಗಿ ಬರುತ್ತದೆ, ತೂತು ಯಾರಿಗೂ ಕಾಣುವುದಿಲ್ಲ. ಗಂಟಲು ಕೆಟ್ಟಿದೆ, ಮಾತಾಡಬಾರದು ಎಂದಿದ್ದಾರೆ ಎಂದು ಒಂದು ಚೀಟಿ ಬರೆದು ಯಜಮಾನರಿಗೆ ತೋರಿಸಿದೆ. ನನ್ನ ಎದುರಿಗೇ ಕೂರುವವರಿಗೂ ಇದುವರೆಗೆ ಗೊತ್ತಾಗಿಲ್ಲ. ಇದು ನನ್ನ ಜೀವಮಾನದ ಅತ್ಯುತ್ತಮ ಹೊಲಿಗೆ.

ಇತಿ, ಹನ್ನೊಂದನೇ ಹಾಸಿಗೆ


ಜನವರಿ ೨೧

ಮಾಸ್ಟರರೇ,

ಮೊದಲ ಪುಟ ಓದಿ ನಿಮಗೆ ನೂರಕ್ಕೆ ನೂರು ಕೊಟ್ಟೆ. ಎರಡನೇ ಪುಟ ಓದಿ ಎಲ್ಲವನ್ನೂ ವಾಪಸು ತೆಗೆದುಕೊಂಡಿದ್ದೇನೆ.

ಪಕ್ಕದಲ್ಲಿರುವವರು ಕತ್ತಿನ ಹೊದಿಕೆ ತೆಗೆಯಬೇಕು ಎಂದು ನೀವೇ ಬರೆದಿದ್ದೀರಿ. ಯಾವ ಪಕ್ಕದವರು? ಅಲ್ಲೊಂದು ತೂತು ಇದೆಯೆಂದೇ ತಿಳಿಯದವರು ಅದರ ಹೊದಿಕೆಯನ್ನು ತೆಗೆಯುವುದು ಹೇಗೆ? ನಾಳೆ ನೀವು ಯಂತ್ರದ ಮೇಲೆ ಕುಸಿದರೆ ಹತ್ತು ಜನ ಓಡಿ ಬರುತ್ತಾರೆ. ಒಬ್ಬ ಮುಖಕ್ಕೆ ನೀರು ಚಿಮುಕಿಸುತ್ತಾನೆ, ಅದು ಕತ್ತಿಗಿಳಿದರೆ ನೇರ ಶ್ವಾಸಕೋಶಕ್ಕೆ. ಇನ್ನೊಬ್ಬ ಬಾಯಿಗೆ ಬಾಯಿಟ್ಟು ಊದುತ್ತಾನೆ, ಆ ಗಾಳಿ ಹೊಟ್ಟೆಗೆ ಹೋಗುತ್ತದೆ. ದವಾಖಾನೆಗೆ ಹೊತ್ತೊಯ್ದರೆ ಮೂಗಿನ ಮೇಲೆ ಆಮ್ಲಜನಕದ ಮಾಸ್ಕ್ ಹಾಕುತ್ತಾರೆ. ನಿಮ್ಮ ಮೂಗಿಗೂ ಶ್ವಾಸಕೋಶಕ್ಕೂ ಈಗ ಯಾವ ಸಂಬಂಧವೂ ಇಲ್ಲ. ಓಡಿ ಬಂದವರೆಲ್ಲ ಒಳ್ಳೆಯವರೇ. ಎಲ್ಲರೂ ಸೇರಿ ನಿಮ್ಮನ್ನು ಕೊಂದುಬಿಡುತ್ತಾರೆ, ನಿಮ್ಮ ಅತ್ಯುತ್ತಮ ಹೊಲಿಗೆಯ ಸಹಾಯದಿಂದ.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಮಾಡಬೇಡಿ. ಊರಿಗೆಲ್ಲ ಡಂಗುರ ಸಾರಿ ಎನ್ನುತ್ತಿಲ್ಲ. ಮನೆಯಲ್ಲಿ ಒಬ್ಬರಿಗೆ, ಕೆಲಸದಲ್ಲಿ ಒಬ್ಬರಿಗೆ ಕತ್ತು ತೋರಿಸಿ ಕಲಿಸಿ. ಮೊದಲು ನಿಮ್ಮ ಅಕ್ಕನಿಗೆ. ಅವರು ಕಲಿತರೆ ಅವರೇ ತಮ್ಮ ಕೈಯಾರೆ ನನಗೆ ನಾಲ್ಕು ಸಾಲು ಬರೆಯಲಿ. ಹಾಗೆಯೇ, ಕಾರ್ಖಾನೆಯ ಬಟ್ಟೆಯ ಧೂಳು ನಿಮಗೆ ಒಳ್ಳೆಯದಲ್ಲ. ಕತ್ತಿನ ಬಟ್ಟೆ ಒಣಗಲು ಬಿಡಬೇಡಿ.

ಸಿಸ್ಟರ್


ಫೆಬ್ರವರಿ ೫

ಸಿಸ್ಟರ್ ಅವರಿಗೆ,

ತಡವಾಯಿತು. ಶಾಲೆಗಳ ಆರ್ಡರ್ ಬಂದು ಕೈತುಂಬ ಕೆಲಸ.

ಅಕ್ಕನ ವಿಷಯ ಸ್ವಲ್ಪ ಕಷ್ಟ. ಅವಳಿಗೆ ರಕ್ತದೊತ್ತಡ. ಬೆರಳಿಗೆ ಸೂಜಿ ಚುಚ್ಚಿದರೂ ಮುಖ ತಿರುಗಿಸುವವಳು. ನಾನು ಕತ್ತು ತೊಳೆದುಕೊಳ್ಳುವಾಗ ಬಾಗಿಲು ಹಾಕಿಕೊಳ್ಳುತ್ತೇನೆ. ಅವಳನ್ನು ಇದರಿಂದ ಬಿಟ್ಟುಬಿಡಿ.

ಆದರೆ ನಿಮ್ಮ ಮಾತು ಮೀರಿಲ್ಲ. ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲಿ ಕೂತು ಗುಂಡಿಗೆ ಕಾಜಾ ಹಾಕುವ ಹೆಂಗಸೊಬ್ಬರಿದ್ದಾರೆ, ತಿಳಿವಳಿಕೆಯುಳ್ಳವರು. ಅವರಿಗೆ ಎಲ್ಲವನ್ನೂ ತೋರಿಸಿದ್ದೇನೆ. ಅವರು ಬರೆದ ಚೀಟಿಯನ್ನು ಜೊತೆಗಿಟ್ಟಿದ್ದೇನೆ.

ಹನ್ನೊಂದನೇ ಹಾಸಿಗೆ

(ಚೀಟಿ)

ಮಾನ್ಯ ಸಿಸ್ಟರ್, ಇವರು ಕತ್ತಿನ ಮೂಲಕ ಉಸಿರಾಡುತ್ತಾರೆ. ಪ್ರಜ್ಞೆ ತಪ್ಪಿದಲ್ಲಿ ಮೊದಲು ಕತ್ತಿನ ಹೊದಿಕೆಯನ್ನು ತೆಗೆಯತಕ್ಕದ್ದು. ನಂತರ ಕೊಳವೆಯನ್ನು ಪರೀಕ್ಷಿಸತಕ್ಕದ್ದು. ಆಮ್ಲಜನಕವನ್ನು ಕತ್ತಿನ ರಂಧ್ರದ ಮೂಲಕವೇ ನೀಡತಕ್ಕದ್ದು. ಬಾಯಿಯ ಮೂಲಕ ಏನನ್ನೂ ಕೊಡತಕ್ಕದ್ದಲ್ಲ. ಇಂತಿ, ಕಾಜಾ ಹಾಕುವವಳು.


ಫೆಬ್ರವರಿ ೧೧

ಮಾಸ್ಟರರೇ,

ಎದೆಯ ಮೇಲಿನ ಕಲ್ಲು ಇಳಿಯಿತು. ಆ ಹೆಂಗಸಿಗೆ ನನ್ನ ಕೃತಜ್ಞತೆ ತಿಳಿಸಿ. ಒಂದು ತಪ್ಪಿಲ್ಲ, ಒಂದು ಮರೆವಿಲ್ಲ. ನಮ್ಮ ವಾರ್ಡಿನ ವಿದ್ಯಾರ್ಥಿನಿಯರು ಮೂರು ವರ್ಷ ಓದಿಯೂ ಇಷ್ಟು ಅಚ್ಚುಕಟ್ಟಾಗಿ ಬರೆಯುವುದಿಲ್ಲ. ನಾಳೆ ಅವರಿಗೆ ಇದನ್ನು ಓದಿ ತೋರಿಸುವವಳಿದ್ದೇನೆ, ಸ್ವಲ್ಪ ನಾಚಿಕೊಳ್ಳಲಿ. ಮೂರು ವಾರದಿಂದ ನಿಮ್ಮದೇ ಯೋಚನೆಯಾಗಿತ್ತು. ಇವತ್ತು ಹೊಟ್ಟೆ ತುಂಬ ಊಟ ಮಾಡಿದೆ.

ಸಿಸ್ಟರ್


ಫೆಬ್ರವರಿ ೧೪

ಮಾಸ್ಟರರೇ,

ಮೊನ್ನೆಯ ಕಾಗದ ನಿಮಗೆ ಮುಟ್ಟಿದ್ದರೆ ಹರಿದು ಹಾಕಿ.

ವಿದ್ಯಾರ್ಥಿನಿಯರಿಗೆ ಚೀಟಿ ಓದಿ ಹೇಳುತ್ತಿದ್ದೆ. ಹಾಸಿಗೆಯ ಪಕ್ಕ ಲಾರಿ ಡ್ರೈವರನ ಹೆಂಡತಿ ನಿಂತಿದ್ದಳು. ಅವಳಿಗೂ ಇದೇ ಪಾಠ ಮಾಡಿ ಮೂರು ದಿನವಾಗಿತ್ತು. "ನೀನು ಹೇಳಮ್ಮ, ಏನು ಕಲಿತೆ?" ಎಂದೆ. ಅವಳು ಗಂಡನ ಮುಖ ನೋಡಿ, "ಇವರ ಮೂಗು ಇನ್ಮೇಲೆ ಕನ್ನಡಕ ನಿಲ್ಲಿಸೋಕೆ ಮಾತ್ರ ಸಿಸ್ಟರ್. ಏನೇ ಆದ್ರೂ ಕತ್ತು ನೋಡ್ಬೇಕು, ಮುಖ ಅಲ್ಲ. ಆದ್ರೆ ನಂಗೆ ಕೊಳವೆ ಮುಟ್ಟೋಕೆ ಭಯ" ಎಂದಳು. ನಾನು ಅವಳನ್ನು ಅಪ್ಪಿಕೊಂಡುಬಿಟ್ಟೆ. ಅವಳನ್ನು ಬಿಟ್ಟು, ಕೈಯಲ್ಲಿದ್ದ ನಿಮ್ಮ ಚೀಟಿಯನ್ನು ಮತ್ತೊಮ್ಮೆ ಓದಿದೆ.

ನಿಜವಾಗಿ ಕಲಿತವರ ಮಾತು ಸೊಟ್ಟಗಿರುತ್ತದೆ. ಎಲ್ಲೋ ಒಂದು ಕಡೆ ಭಯ ಇಣುಕುತ್ತದೆ, ಎಲ್ಲೋ ಒಂದು ಕಡೆ ಮರೆತಿರುತ್ತಾರೆ. ನಿಮ್ಮ ಕಾಜಾ ಹಾಕುವವಳಿಗೆ ಭಯವೂ ಇಲ್ಲ, ಮರೆವೂ ಇಲ್ಲ. ಅವಳು ನನ್ನ ಹಾಳೆಯನ್ನೇ ಗಿಣಿಪಾಠ ಒಪ್ಪಿಸಿದ್ದಾಳೆ. "ತಕ್ಕದ್ದು, ತಕ್ಕದ್ದಲ್ಲ" ಎಂದು ಕಾಜಾ ಹಾಕುವ ಯಾವ ಹೆಂಗಸು ಬರೆಯುತ್ತಾಳೆ? ಅಂಥವಳು ಅಲ್ಲಿ ಇದ್ದಾಳೆಯೇ? ನಿಜ ಹೇಳಿ.

ನಿಜ ಕೇಳುವ ಯೋಗ್ಯತೆ ನನಗಿದೆಯೇ ಎಂದು ನೀವು ಕೇಳಬಹುದು. ನೀವು ಮನೆಗೆ ಹೋದ ದಿನ ನಿಮ್ಮ ಕಾಗದದಲ್ಲಿ ಒಂದು ಚೌಕವಿತ್ತು: "ಮನೆಯವರಿಗೆ ಕಲಿಸಲಾಗಿದೆ." ನಿಮ್ಮ ಅಕ್ಕ ಆಗ ಕೆಳಗೆ ಔಷಧಿಯ ಸಾಲಿನಲ್ಲಿದ್ದರು. ನನಗೆ ಮೂರು ಹೊಸ ರೋಗಿಗಳು ಬಂದಿದ್ದರು. ಅವರು ಬರುವವರೆಗೆ ಕಾಯದೆ ಆ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದೆ. ನಾನು ಅವರಿಗೆ ಏನನ್ನೂ ಕಲಿಸಿರಲಿಲ್ಲ. ತಾನು ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ನಿಮ್ಮ ಚೀಟಿಯ ಕಳ್ಳತನ ನನಗೆ ಹೊಳೆದದ್ದು ಹಾಗೆಯೇ ಇರಬೇಕು. ನಿನ್ನೆ ಮೇಲಧಿಕಾರಿಗೆ ಹೋಗಿ ಇದನ್ನು ಬರೆದುಕೊಟ್ಟಿದ್ದೇನೆ.

ಉತ್ತರ ಬೇಗ ಬರಲಿ.

ಸಿಸ್ಟರ್


ಮಾರ್ಚ್ ೪

ಮಾಸ್ಟರರೇ,

ಹದಿನೆಂಟು ದಿನವಾಯಿತು. ಬೈಯುವುದಿಲ್ಲ. ಬದುಕಿದ್ದೇನೆ ಎಂದು ಒಂದು ಸಾಲು ಬರೆಯಿರಿ. ಮಿಕ್ಕದ್ದು ಆಮೇಲೆ.

ಸಿಸ್ಟರ್


ಮಾರ್ಚ್ ೭

ಸಿಸ್ಟರ್ ಅವರಿಗೆ,

ಬದುಕಿದ್ದೇನೆ. ಕಾಜಾ ಹಾಕುವ ಹೆಂಗಸು ಇಲ್ಲ. ಕಾಜಾ ಹಾಕುವುದು ಇಲ್ಲಿ ಯಂತ್ರ. ಆ ಚೀಟಿಯನ್ನು ಎಡಗೈಯಲ್ಲಿ ನಾನೇ ಬರೆದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ ಇಷ್ಟು ದಿನ ಪೆನ್ನು ಹಿಡಿಯಲಿಲ್ಲ.

ಫೆಬ್ರವರಿ ಇಪ್ಪತ್ತಾರರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಗಟ್ಟಿ ಕ್ಯಾನ್ವಾಸ್ ಬಟ್ಟೆ ಕತ್ತರಿಸುತ್ತಿದ್ದೆ. ಧೂಳು ವಿಪರೀತ. ಇದ್ದಕ್ಕಿದ್ದಂತೆ ಉಸಿರು ಅರ್ಧಕ್ಕೆ ನಿಂತಿತು. ಕೊಳವೆ ಕಟ್ಟಿಕೊಂಡಿದೆಯೆಂದು ತಿಳಿಯಿತು. ಸುತ್ತ ಇಪ್ಪತ್ತು ಜನರಿದ್ದರು. ನಾನು ಏನು ಮಾಡಿದೆ ಗೊತ್ತೇ? ಎದ್ದು ಬಚ್ಚಲಿಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಕತ್ತಿನ ಗುಂಡಿ ಬಿಚ್ಚುವುದನ್ನು ಯಾರೂ ನೋಡಬಾರದೆಂದು. ಎಷ್ಟು ಎಳೆದರೂ ಗುಂಡಿ ಬಿಚ್ಚಿಕೊಳ್ಳಲಿಲ್ಲ. ಎಲ್ಲ ನನ್ನದೇ ಹೊಲಿಗೆ, ಅಷ್ಟು ಬಿಗಿ. ಆಚೆ ಬಾಗಿಲು ಬಡಿಯುತ್ತಿದ್ದರು, "ಏನಾಯ್ತು ಮಾಸ್ಟರ್? ಬಾಗಿಲು ತೆಗೀರಿ" ಎಂದು. ಕೂಗಲು ನನಗೆ ಧ್ವನಿಯಿಲ್ಲ. ಚಿಲಕ ತೆಗೆಯಬೇಕೋ ಗುಂಡಿ ಬಿಚ್ಚಬೇಕೋ ಎಂದು ಯೋಚಿಸಿ ಗುಂಡಿಯನ್ನೇ ಹಿಡಿದೆ. ಕೊನೆಗೆ ಕೊಳವೆ ಕೈಗೆ ಬಂತು, ಎಳೆದುಬಿಟ್ಟೆ. ಕೊಳವೆಯ ತುಂಬ ಒಣಗಿದ ಕಫ. ಉಸಿರು ಬಂತು. ಮತ್ತೆ ಗುಂಡಿ ಹಾಕಿಕೊಂಡು ಹೊರಗೆ ಬಂದು, ಹೊಟ್ಟೆ ಕೆಟ್ಟಿದೆ ಎಂದು ಸನ್ನೆ ಮಾಡಿದೆ. ಎಲ್ಲರೂ ನಕ್ಕರು.

ಇಷ್ಟಾದರೂ ಅಕ್ಕನಿಗೆ ಹೇಳಿಲ್ಲ. ಅದಕ್ಕೆ ಕಾರಣವಿದೆ. ನೀವು ಚೌಕದ ವಿಷಯ ಬರೆಯದಿದ್ದರೆ ನಾನೂ ಇದನ್ನು ಬರೆಯುತ್ತಿರಲಿಲ್ಲ.

ಮನೆಗೆ ಹೊರಟ ದಿನ ಅಕ್ಕ ಮೇಲೆ ಬಂದಾಗ ಮೊಗಸಾಲೆಯಲ್ಲಿ ನಿಮ್ಮ ಕೈ ಹಿಡಿದುಕೊಂಡು ಕೇಳಿದಳು: "ನನ್ನ ತಮ್ಮನಿಗೆ ಮಾತು ಬರುತ್ತಾ ಸಿಸ್ಟರಮ್ಮ?" ನೀವು ಇನ್ಯಾರದೋ ಕಾಗದಕ್ಕೆ ಸಹಿ ಮಾಡುತ್ತಾ, "ಎಲ್ಲಾ ಸರಿ ಹೋಗುತ್ತಮ್ಮ, ಧೈರ್ಯವಾಗಿರಿ" ಎಂದಿರಿ. ನಿಮಗೆ ನೆನಪಿರಲಾರದು. ಅಕ್ಕನಿಗೆ ಅದು ವೇದವಾಕ್ಯ. ಬಸ್ಸಿನಲ್ಲಿ ಕೂತು, "ಎಷ್ಟು ದಿನಕ್ಕಂತೆ?" ಎಂದು ಕೇಳಿದಳು. ನಾನು ಆರು ಬೆರಳು ತೋರಿಸಿದೆ. "ಆರು ತಿಂಗಳಾ? ಕಣ್ಣು ಮುಚ್ಚಿ ಬಿಡೋದ್ರೊಳಗೆ ಆಗೋಯ್ತು ಬಿಡು" ಎಂದಳು. ಅಂದಿನಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಒಂದು ಗೀಟು. ಕೊಳವೆ ಗಾಯ ಮಾಗುವವರೆಗೆ ಮಾತ್ರ, ಆಮೇಲೆ ತೂತು ಮುಚ್ಚಿ ಎಲ್ಲ ಮೊದಲಿನ ಹಾಗೆ ಎಂದುಕೊಂಡಿದ್ದಾಳೆ. ನನ್ನ ಮೂಗಿಗೂ ಶ್ವಾಸಕೋಶಕ್ಕೂ ಸಂಬಂಧ ಕಡಿದಿದೆ ಎಂದು ಕಲಿಸಿದರೆ, ಮಾತು ಇನ್ನೆಂದೂ ಬರುವುದಿಲ್ಲ ಎಂದೂ ಅದರ ಜೊತೆಗೇ ಕಲಿಸಿದ ಹಾಗಾಗುತ್ತದೆ. ಒಂದನ್ನು ಬಿಟ್ಟು ಒಂದನ್ನು ಹೇಳುವುದು ಹೇಗೆ? ನೀವು ಹೇಳಿಕೊಡಿ.

ಹನ್ನೊಂದನೇ ಹಾಸಿಗೆ


ಮಾರ್ಚ್ ೧೫

ಮಾಸ್ಟರರೇ,

ನಿಮ್ಮ ಕಾಗದ ಓದಿ ಔಷಧಿ ಕೋಣೆಯಲ್ಲಿ ಕೂತು ಅತ್ತೆ. ನನಗೆ ನಿಜವಾಗಿಯೂ ನೆನಪಿಲ್ಲ. ನೆನಪಿಲ್ಲದಿರುವುದೇ ನನ್ನನ್ನು ಹೆಚ್ಚು ಸುಡುತ್ತಿದೆ. ಆ ಮಾತನ್ನು ನಾನು ದಿನಕ್ಕೆ ಎಷ್ಟು ಜನರಿಗೆ ಹೇಳುತ್ತೇನೋ. ನೀವು ತೋರಿಸಿದ ಆರು ಬೆರಳಿಗೆ ನಿಮ್ಮನ್ನು ದೂರುವ ಹಾಗಿಲ್ಲ, ಆ ಸುಳ್ಳಿಗೆ ಅಸ್ತರು ಹಾಕಿಕೊಟ್ಟವಳು ನಾನು.

ಒಂದನ್ನು ಬಿಟ್ಟು ಒಂದನ್ನು ಹೇಳಲು ಬರುವುದಿಲ್ಲ. ಎರಡನ್ನೂ ಹೇಳಬೇಕು, ಮತ್ತು ನಾನು ಹೇಳಬೇಕು. ನಿಮ್ಮ ಅಕ್ಕನಿಗೆ ಬರೆದ ಕಾಗದ ಇದರೊಳಗಿದೆ. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ದೇಹದ ವಿಷಯ ನಾನು ಇನ್ನೊಬ್ಬರಿಗೆ ತಿಳಿಸುವ ಹಾಗಿಲ್ಲ, ಅದಕ್ಕೇ ನೇರವಾಗಿ ಅವರಿಗೆ ಅಂಚೆಗೆ ಹಾಕಿಲ್ಲ. ಅಂಟಿಸಿಯೂ ಇಲ್ಲ. ಓದಿ, ಕೊಡಿ. ಕೈಮುಗಿದು ಕೇಳುತ್ತೇನೆ.

ಸಿಸ್ಟರ್

(ಒಳಗಿನ ಕಾಗದ)

ಅಕ್ಕನವರಿಗೆ,

ನಿಮ್ಮ ತಮ್ಮನಿಗೆ ಮಾತು ಬರುತ್ತದೆಯೇ ಎಂದು ನೀವು ಕೇಳಿದಿರಿ. ಎಲ್ಲಾ ಸರಿ ಹೋಗುತ್ತದೆ ಎಂದೆ. ನಾನು ಹೇಳಿದ್ದು ತಪ್ಪು. ಧ್ವನಿ ಹುಟ್ಟುವ ಜಾಗವನ್ನೇ ತೆಗೆದಿದ್ದಾರೆ, ಮೊದಲಿನ ಧ್ವನಿ ತಿರುಗಿ ಬರುವುದಿಲ್ಲ. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದಿದೆ, ಅದನ್ನು ಮುಂದೆ ನೋಡಬಹುದು. ಆದರೆ ಅದು ನಿಮ್ಮ ತಮ್ಮನ ದನಿಯಾಗಿರುವುದಿಲ್ಲ. ಕತ್ತಿನ ತೂತು ಯಾವತ್ತೂ ಇರುತ್ತದೆ. ಇರಲೇಬೇಕು, ಅವರ ಉಸಿರು ಅದೊಂದರಲ್ಲೇ. ಗಾಳಿ ಮೂಗಿನಿಂದ ಒಳಗೆ ಹೋಗುವುದಿಲ್ಲ.

ಅವರು ಏದುಸಿರು ಬಿಟ್ಟರೆ, ನೀಲಿಯಾದರೆ, ಬಿದ್ದರೆ, ಮುಖ ಬಿಟ್ಟು ಕತ್ತು ನೋಡಿ. ಅಡ್ಡ ಇರುವ ಬಟ್ಟೆ ತೆಗೆಯಿರಿ. ಕೊಳವೆ ಕಟ್ಟಿಕೊಂಡಿದ್ದರೆ ಅದನ್ನು ಈಚೆಗೆ ಎಳೆಯಿರಿ. ತೆಗೆದರೆ ತೂತು ತಕ್ಷಣ ಮುಚ್ಚಿಕೊಳ್ಳುವುದಿಲ್ಲ, ಹೆದರಬೇಡಿ. ದವಾಖಾನೆಯಲ್ಲಿ ಯಾರಾದರೂ ಮೂಗಿಗೆ ಮಾಸ್ಕ್ ಹಾಕಿದರೆ ಬಿಡಬೇಡಿ, ಕತ್ತಿಗೆ ಹಿಡಿಯಲು ಹೇಳಿ. ಅವರು ಎಷ್ಟೇ ಓದಿದವರಾಗಿರಲಿ.

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವುದಿಲ್ಲ. ಇಷ್ಟನ್ನು ಕಲಿತುಕೊಳ್ಳಿ ಎಂದು ಮಾತ್ರ ಕೇಳುತ್ತೇನೆ.


ಮಾರ್ಚ್ ೨೩

ಸಿಸ್ಟರ್,

ಕಾಗದ ಓದಿದೆ. ನನ್ನ ಅಂಗಿಯ ಒಳಜೇಬಿನಲ್ಲಿದೆ. ಮೂರು ಸಲ ಕೊಡಲು ಹೋದೆ. ಮೂರು ಸಲವೂ ಅಕ್ಕ ಕ್ಯಾಲೆಂಡರಿನ ಮುಂದೆ ನಿಂತಿದ್ದಳು. ಜೂನ್ ಕಳೆಯಲಿ. ಆಗ ಅವಳಿಗೇ ತಿಳಿಯುತ್ತದೆ.

ಎರಡು ದಿನದಿಂದ ನೆಗಡಿ. ಮಿಕ್ಕಂತೆ ಕ್ಷೇಮ.

ಹನ್ನೊಂದು


ಮಾರ್ಚ್ ೨೯

ಮಾಸ್ಟರರೇ,

ನೆಗಡಿ ಎಂದು ಒಂದೇ ಪದ ಬರೆದು ಕ್ಷೇಮ ಎಂದಿದ್ದೀರಿ. ನಿಮಗೆ ನೆಗಡಿ ಎಂದರೆ ಕಫ ಗಟ್ಟಿಯಾಗುವುದು, ಕೊಳವೆ ಕಟ್ಟುವುದು. ಇವತ್ತೇ ವೈದ್ಯರಿಗೆ ತೋರಿಸಿ. ಸಲೈನ್ ಹನಿ ಹೆಚ್ಚು ಸಲ ಹಾಕಿ, ಒದ್ದೆ ಬಟ್ಟೆ ಬಿಡಬೇಡಿ, ಕೆಲಸಕ್ಕೆ ಹೋಗಬೇಡಿ. ಅಂಗಿಯ ಮೇಲಿನ ಗುಂಡಿ ಬಿಚ್ಚಿಡಿ.

ಬಚ್ಚಲಿನಲ್ಲಿ ನಿಮ್ಮ ಕೈ ನಿಮಗೆ ಸಹಾಯಕ್ಕೆ ಬಂತು. ಎಚ್ಚರ ತಪ್ಪಿದ ದಿನ ಆ ಕೈ ಕೆಲಸಕ್ಕೆ ಬರುವುದಿಲ್ಲ. ಜೂನ್ ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿದೆ, ನಿಮ್ಮ ಕಫಕ್ಕೆ ಅದು ಗೊತ್ತಿಲ್ಲ. ನಿಮ್ಮ ಅಕ್ಕ ಮಾತು ಬರುವುದಿಲ್ಲವೆಂದು ಅತ್ತಾರು. ಅಳಲಿ. ನೀವು ಬದುಕಿರುವಾಗಲೇ ಅಳಲಿ.

ಸಿಸ್ಟರ್


ಏಪ್ರಿಲ್ ೧೦

ಸಿಸ್ಟರಮ್ಮಾ,

ನಾನು ಅವನ ಅಕ್ಕ. ನಂಗೆ ಪುಸ್ತಕದ ಭಾಷೆ ಬರಲ್ಲ, ಮಾತಾಡೋ ಹಾಗೇ ಬರೀತೀನಿ. ಕನ್ನಡಕ ಬೇರೆ ಒಂದು ಕಡೆ ಒಡೆದಿದೆ, ಅಕ್ಷರ ಹೆಚ್ಚುಕಮ್ಮಿ ಆದ್ರೆ ಸುಧಾರಿಸಿಕೊಳ್ಳಿ.

ಮೊದಲು ಹೇಳಿಬಿಡ್ತೀನಿ, ಅವನು ಇದ್ದಾನೆ. ಪಕ್ಕದಲ್ಲೇ ಮಲಗಿದ್ದಾನೆ.

ನಿಮ್ಮ ಕಾಗದ ಮೂರನೇ ತಾರೀಕು ಬೆಳಿಗ್ಗೆ ಕೊಟ್ಟ. ಕೈಗಿಟ್ಟವನೇ ಚಪ್ಪಲಿ ಮೆಟ್ಟಿಕೊಂಡು ಓಡಿಹೋದ, ಎಲ್ಲಿ ನಾನು ಅವನ ಮುಂದೆನೇ ಓದಿಬಿಡ್ತೀನೋ ಅಂತ. ಓದಿದೆ. ಅವನು ಸತ್ತ ಸುದ್ದಿ ಬಂದ ಹಾಗೆ ಅತ್ತೆ. ಆಮೇಲೆ ಸಿಟ್ಟು ಬಂತು. ನಿಮ್ಮ ಮೇಲೂ, ಅವನ ಮೇಲೂ. ನೂರು ದಿನಕ್ಕಿಂತ ಹೆಚ್ಚು ಗೀಟು ಎಳೆದಿದ್ದೀನಿ ನಾನು, ಒಂದು ದಿನಾನೂ ಕೈ ಹಿಡಿಯಲಿಲ್ಲ ಆ ಮಹಾನುಭಾವ. ಸಂಜೆ ಬಂದವನ ಹತ್ರ ಮಾತಾಡಲಿಲ್ಲ. ಮಾರನೇ ದಿನಾನೂ ಮಾತಾಡಲಿಲ್ಲ. ನಾನು ಬಾಯಿ ಮುಚ್ಚಿದ್ದು ನೋಡಿ ಅವನಿಗೇ ಹೆದರಿಕೆ ಆಯ್ತು. ಆ ಎರಡು ದಿನ ಈ ಮನೇಲಿ ಗಡಿಯಾರದ ಸದ್ದು ಬಿಟ್ರೆ ಬೇರೆ ಏನೂ ಇರಲಿಲ್ಲ. ಆದ್ರೆ ಕಾಗದ ಮಾತ್ರ ಮತ್ತೆ ಮತ್ತೆ ಓದಿದೆ.

ಐದನೇ ತಾರೀಕು ಬೆಳಿಗ್ಗೆ ಜ್ವರ. ಬೀದಿ ತುದಿಯ ದವಾಖಾನೆಗೆ ಕರ್ಕೊಂಡು ಹೋದೆ. ಜ್ವರದಲ್ಲೂ ಆ ಅಂಗಿನೇ ಬೇಕು ಅವನಿಗೆ, ಕತ್ತಿನ ತನಕ ಗುಂಡಿ. ಡಾಕ್ಟರು ಇನ್ನೂ ಬಂದಿರಲಿಲ್ಲ, ಕಾಂಪೌಂಡರ್ ಇದ್ದ. ಬೆಂಚಿನ ಮೇಲೆ ಕೂತಿದ್ದ ಹಾಗೇ ಇವನ ಕಣ್ಣು ದೊಡ್ಡದಾಯ್ತು, ತುಟಿ ನೀಲಿಗೆ ತಿರುಗ್ತು, ನನ್ನ ಮೇಲೇ ವಾಲಿಕೊಂಡ. ನಾನು ಏನ್ ಮಾಡಿದೆ ಅಂದ್ರೆ, ಸುಳ್ಳು ಹೇಳಲ್ಲ, ಕಾಗದ ಅಷ್ಟು ಸಲ ಓದಿದ್ದವಳು ಮೊದಲು ನೀರಿನ ಲೋಟ ತಗೊಂಡು ಅವನ ಬಾಯಿಗೇ ಹಿಡಿದೆ. ನೀರೆಲ್ಲ ಗಲ್ಲದ ಮೇಲೆ ಚೆಲ್ಲಿತು. ಅಷ್ಟರಲ್ಲಿ ಕಾಂಪೌಂಡರ್ ಬಂದು ಇವನನ್ನ ಮಲಗಿಸಿ ಮೂಗಿಗೆ ಮಾಸ್ಕ್ ಹಾಕೇ ಬಿಟ್ಟ. ಆ ಮಾಸ್ಕ್ ನೋಡಿದ ಮೇಲೆ ನೀವು ಬರೆದಿದ್ದು ಜ್ಞಾಪಕ ಬಂತು.

"ಮೂಗಿಗಲ್ಲಪ್ಪ, ಕತ್ತಿಗೆ" ಅಂದೆ. "ಅಜ್ಜಿ, ನೀವು ಹೊರಗಿರಿ, ಗಾಬರಿ ಆಗಿದ್ದೀರಿ" ಅಂದ. ಗಾಬರಿ ಆಗಿದ್ದೆ, ನಿಜ. ಆದ್ರೆ ಹೊರಗೆ ಹೋಗಲಿಲ್ಲ. ಗುಂಡಿ ಬಿಚ್ಚೋಕೆ ಹೋದ್ರೆ ಬರ್ತಾನೇ ಇಲ್ಲ. ಪಟ್ಟಿ ಕತ್ತರಿಸೋ ಕತ್ತರಿ ಟ್ರೇನಲ್ಲಿತ್ತು. ತಗೊಂಡು ಕಾಲರನ್ನ ಕತ್ತರಿಸಿದೆ, ಅವನ ಅಷ್ಟು ಚೆಂದದ ಹೊಲಿಗೆ. ಕತ್ತು ನೋಡಿದೆ ಸಿಸ್ಟರಮ್ಮಾ. ಮೊದಲನೇ ಸಲ ನೋಡಿದ್ದು. ಬೆರಳಿಗೆ ಸೂಜಿ ಚುಚ್ಚಿದ್ರೆ ಮುಖ ತಿರುಗಿಸೋಳು ನಾನು, ತಿರುಗಿಸಲಿಲ್ಲ. ಕೊಳವೆ ಹಿಡಿದೆ. ಕಾಂಪೌಂಡರ್ ಕಿರುಚಿದ, "ಕೊಳವೆ ಕಿತ್ರೆ ಸತ್ತೇ ಹೋಗ್ತಾರೆ!" "ಬಿಟ್ರೂ ಸಾಯ್ತಾನೆ ಕಣಪ್ಪ" ಅಂದು ಎಳೆದೆ. ಒಳಗೆ ಗೋಂದಿನ ಹಾಗೆ ಕಟ್ಟಿಕೊಂಡಿತ್ತು. ಮಾಸ್ಕನ್ನ ಅವನ ಮುಖದಿಂದ ಕಿತ್ತು ತಿರುಗಿಸಿ ಕತ್ತಿಗೆ ಒತ್ತಿದೆ, ತಲೆಕೆಳಗೋ ಏನೋ ನಂಗೊತ್ತಿಲ್ಲ. ಎಣಿಸಿದೆ. ಹದಿನಾಲ್ಕಕ್ಕೆ ಎದೆ ಎದ್ದಿತು. ಆಮೇಲೆ ತುಟಿಗೆ ಬಣ್ಣ ಬಂತು. ಅವನಿಗೆ ಮಾತು ಬರಲ್ಲ ಅಂತ ಅಷ್ಟು ಅತ್ತವಳು, ಅವನೇ ಹೊರಟು ನಿಂತಾಗ ಅಳೋಕೆ ಪುರುಸೊತ್ತೇ ಸಿಗಲಿಲ್ಲ ನೋಡಿ.

ಡಾಕ್ಟರು ಬಂದು ದೊಡ್ಡ ಆಸ್ಪತ್ರೆಗೆ ಕಳಿಸಿದ್ರು. ಮೂರು ದಿನ ಇಟ್ಕೊಂಡು ಮೊನ್ನೆ ಬಿಟ್ರು. ಆ ಕಾಂಪೌಂಡರ್ ನಿನ್ನೆ ಮನೆಗೇ ಬಂದಿದ್ದ. ತಲೆ ತಗ್ಗಿಸಿಕೊಂಡು, "ಅಜ್ಜಿ, ಇನ್ನೊಂದು ಸಲ ತೋರಿಸಿಕೊಡ್ತೀರಾ?" ಅಂದ. ತಮ್ಮನೇ ಕತ್ತು ತೋರಿಸಿದ. ಕಾರ್ಖಾನೆ ಯಜಮಾನರಿಗೂ ಚೀಟಿ ಬರೆದು ಕಳಿಸಿದ್ದಾನೆ. ಅದರಲ್ಲಿ ಏನಿದೆ ಅಂತ ನಾನು ಓದಿದೆ, ಈ ಸಲ ನಿಜಾನೇ ಇತ್ತು.

ನಿಮ್ಮ ಮೇಲೆ ಕೋಪ ಇನ್ನೂ ಇದೆ ಸಿಸ್ಟರಮ್ಮಾ, ಹೋಗಿಲ್ಲ. ಅವತ್ತು ಮೊಗಸಾಲೆಯಲ್ಲಿ "ಬರಲ್ಲಮ್ಮ" ಅಂದಿದ್ರೆ ಅಲ್ಲೇ ಅತ್ತು, ಅಲ್ಲೇ ಕಲಿತು ಬರ್ತಿದ್ದೆ. ಆದ್ರೂ ನೀವು ಬರೆದ್ರಿ. ತಪ್ಪು ನಂದು ಅಂತ ಬರೆಯೋರನ್ನ ನನ್ನ ಆಯಸ್ಸಲ್ಲಿ ನಾನು ಹೆಚ್ಚು ನೋಡಿಲ್ಲ.

ಇವನು ಕೂಸಾಗಿದ್ದಾಗ ಅಮ್ಮ ಕೆಲಸಕ್ಕೆ ಹೋಗೋಳು. ನಂಗೆ ಹತ್ತು ವರ್ಷ, ಇವನನ್ನ ನೋಡಿಕೊಳ್ಳೋಕೆ ನಾನೊಬ್ಬಳೇ. ಮಲಗಿದ್ರೆ ಸದ್ದೇ ಇರ್ತಿರಲಿಲ್ಲ, ಉಸಿರಾಡ್ತಾನೋ ಇಲ್ವೋ ಅಂತ ಭಯ ಆಗಿ ಮೂಗಿನ ಹತ್ರ ಬೆರಳು ಹಿಡೀತಿದ್ದೆ. ನಿನ್ನೆ ಮಧ್ಯಾಹ್ನ ಊಟ ಆಗಿ ಮಲಗಿದ್ದ. ಯಾಕೋ ನನ್ನ ಬೆರಳು ತಾನಾಗೇ ಅವನ ಮೂಗಿನ ಹತ್ರ ಹೋಯ್ತು. ಏನೂ ಇಲ್ಲ. ಆಮೇಲೆ ಕೈ ಕೆಳಗೆ ತಂದೆ. ಕತ್ತಿನ ಹತ್ರ ಬೆಚ್ಚಗೆ ಬಂದು ಅಂಗೈಗೆ ತಾಗ್ತಾ ಇತ್ತು. ಅವನು ಏಳೋವರೆಗೂ ಹಾಗೇ ಹಿಡ್ಕೊಂಡು ಕೂತಿದ್ದೆ.

ಅವನ ಅಕ್ಕ